ಮಾವನ ‘ಸಾಮಾನ್ಯವಾಗಿ’

ನನ್ನ ಸೋದರಮಾವನಿಂದ ಒಂದೇ ಒಂದು ಪ್ರಶ್ನೆಗೆ ನೇರ ಉತ್ತರ ಪಡೆದವರು ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬರಲಿ. ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲೇ ಹಾರ ಹಾಕಿ, ಶಾಲು ಹೊದಿಸಿ ಸನ್ಮಾನ ಮಾಡುತ್ತೇನೆ! “ಊಟ ಆಯ್ತಾ ಮಾವ?” ಎಂದರೆ, “ಈ ಹೊತ್ತಿಗೆ ಸಾಮಾನ್ಯವಾಗಿ ಆಗಿರುತ್ತೆ” ಎನ್ನುತ್ತಾರೆ. ಅಲ್ಲ, ಹೊಟ್ಟೆ ಅವರದು! ಆಗಿದೆಯೋ ಇಲ್ಲವೋ ಅವರಿಗೇ ಗೊತ್ತಿರಬೇಡವೇ? ತಟ್ಟೆ ಹಾಕಬೇಕೋ ಬೇಡವೋ ಎಂದು ನಾವು ಅವರ ಮುಖ ನೋಡಿ ತೀರ್ಮಾನಿಸಬೇಕು.

ಇದಕ್ಕೆಲ್ಲ ಕಾರಣ, ಅವರು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡಿದ್ದು. ವಿದ್ಯಾರ್ಥಿಗಳು ಪರೀಕ್ಷೆಯ ಮರುದಿನವೇ ಮರೆತ ಪಾಠವನ್ನು ಮೇಷ್ಟ್ರು ಮಾತ್ರ ನಿವೃತ್ತಿಯಾದರೂ ಮರೆತಿಲ್ಲ. ಕಾಲೇಜಿನಲ್ಲಾದರೆ ಗಂಟೆ ಹೊಡೆದಾಗ ಪಾಠ ನಿಲ್ಲುತ್ತಿತ್ತು. ಮನೆಯಲ್ಲಿ ಗಂಟೆ ಹೊಡೆಯುವವರು ಯಾರು?

ಮದುವೆಮನೆಯಲ್ಲಿ ಅವರ ಜಾಗ ಅಡುಗೆಯವರ ಪಕ್ಕ. ನನ್ನ ಮದುವೆಯಲ್ಲಿ ಅಡುಗೆಯವರು ಸಾರಿನ ರುಚಿ ನೋಡಲು ಸೌಟು ಎತ್ತಿದ್ದೇ ತಡ, ಮಾವ ಕೈ ಹಿಡಿದರು. “ತಳ ಕಲಕದೆ ನೋಡಿದ್ರೆ ಅದು ಬರೀ ಮೇಲಿನ ಸಾರಿನ ಅಭಿಪ್ರಾಯ ಕಣ್ರೀ. ತಳದಲ್ಲಿರೋದನ್ನ ಯಾರು ಕೇಳ್ತಾರೆ?” ಪಾಪ, ಅವರು ಕಲಕಿದರು. ಪಾಯಸದ ಸರದಿ ಬಂದಾಗ ಮಾವನ ಶಾಸ್ತ್ರ ಇನ್ನೊಂದು ಮೆಟ್ಟಿಲು ಹತ್ತಿತು. ಸ್ಯಾಂಪಲ್ ದೊಡ್ಡದಾದಷ್ಟೂ ನಂಬಿಕೆ ಹೆಚ್ಚಂತೆ! ಹಾಗೆಂದು ಲೋಟದ ಮೇಲೆ ಲೋಟ ಪರೀಕ್ಷಿಸಿದರು. ಕೊನೆಗೆ ಅಡುಗೆಯವರೇ ಕೈಮುಗಿದು, “ಸ್ವಾಮಿ, ಗಂಡಿನ ಕಡೆಯೋರಿಗೂ ವಸಿ ನಂಬಿಕೆ ಉಳಿಸಿ” ಎಂದರಂತೆ.

ಇನ್ನು ಬಳೆಯ ಕಥೆ. ಮಾವನಿಗೆ ಇಬ್ಬರು ಒಡಹುಟ್ಟಿದವರು. ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಮೈಕೈ ತುಂಬಿಕೊಂಡವರು. ತಂಗಿ, ಅಂದರೆ ನನ್ನಮ್ಮ, ಕಡ್ಡಿ. ಒಮ್ಮೆ ಗೌರಿಹಬ್ಬಕ್ಕೆ ಮಾವ ಇಬ್ಬರ ಕೈ ಅಳತೆಯನ್ನೂ ತೆಗೆದುಕೊಂಡು ಅಂಗಡಿಗೆ ಹೋದರು. ಎಷ್ಟು ಜವಾಬ್ದಾರಿ ಎಂದು ನಾವೆಲ್ಲ ಮೆಚ್ಚಿದ್ದೂ ಆಯಿತು. ತಂದದ್ದು ಮಾತ್ರ ಎರಡೂ ಅಳತೆಯ ಸರಾಸರಿ! ದೊಡ್ಡಮ್ಮನ ಬಳೆ ಗೆಣ್ಣಿನಲ್ಲೇ ನಿಂತಿತು. ಅಮ್ಮ ಆರತಿ ಎತ್ತಿದರೆ ಬಳೆಯೆಲ್ಲ ಮೊಣಕೈಗೆ ಜಾರಿತು, ಇಳಿಸಿದರೆ ತಟ್ಟೆಗೇ ಬಿತ್ತು.

“ಬಳೆ ಸರಿಯಾಗೇ ಇದೆ. ನಿಮ್ಮ ಕೈಗಳೇ ಆಚೀಚೆ ಆಗಿವೆ” ಎಂದರು ಮಾವ.

“ಲೋ, ಹಂಗಾದ್ರೆ ಕೈ ಬದಲಾಯಿಸ್ಕೊಂಡು ಬರ್ಲೇನೋ?” ಎಂದರು ದೊಡ್ಡಮ್ಮ.

ಇಷ್ಟೆಲ್ಲ ನಕ್ಕ ನನಗೂ ಅಳುವ ಕಾಲ ಬಂತು. ನನ್ನನ್ನು ಕೊಟ್ಟಿರುವುದು ಹಗರೆಗೆ. ಮಗಳಿಗೆ ಒಂದೂವರೆ ವರ್ಷ ದಾಟಿದರೂ ನಡೆಯಲಿಲ್ಲ. ಕೂತಲ್ಲಿಂದಲೇ ಜಾರಿಕೊಂಡು ಮನೆಯೆಲ್ಲ ಒರೆಸಿ ಬರುತ್ತಿದ್ದಳು. ಹಾಸನದ ಡಾಕ್ಟರು ಕಾಲು, ಸೊಂಟ ಎಲ್ಲ ನೋಡಿ, ತೊಂದರೆಯೇನಿಲ್ಲ, ಕಾಯಿರಿ ಎಂದಿದ್ದರು. ಡಾಕ್ಟರು ಕಾದಾರು, ಊರು ಕಾಯುತ್ತದೆಯೇ? ಡೈರಿಗೆ ಹಾಲು ಹಾಕಲು ಹೋದರೆ ಒಂದೊಂದು ಕ್ಯಾನಿಗೂ ಒಂದೊಂದು ಕಥೆ. “ನಮ್ ಮೊಮ್ಮಗ ಹತ್ತು ತಿಂಗಳಿಗೇ ಓಡ್ತಿದ್ದ.” “ನಮ್ಮೋಳು ಒಂಬತ್ತಕ್ಕೇ!” ಮನೆಗೆ ಬಂದರೆ ನಮ್ಮ ಅತ್ತೆ: “ನಮ್ ದೊಡ್ಡೋನು ವರ್ಷ ತುಂಬೋದ್ರೊಳಗೇ ಕೊಟ್ಟಿಗೆಗೆ ನಡ್ಕಂಡೋಗಿ ಕರು ಬಾಲ ಹಿಡ್ದಿದ್ದ.” ಮಗಳು ಮಲಗಿದಾಗ ಅವಳ ಪುಟ್ಟ ಪಾದಗಳನ್ನು ನೋಡಿ ನನಗೆ ಭಯವಾಗುತ್ತಿತ್ತು. ಎಷ್ಟೋ ಸಲ ಅತ್ತಿದ್ದೇನೆ.

ಕೊನೆಗೆ ಮಾವನಿಗೆ ಫೋನ್ ಮಾಡಿದೆ.

“ಮಕ್ಕಳು ಸರಾಸರಿ ಎಷ್ಟು ತಿಂಗಳಿಗೆ ನಡೀತಾರೆ ಮಾವ?”

ಬಳೆಗೂ ಸರಾಸರಿ ತೆಗೆದ ಮಹಾನುಭಾವರು ಸರಾಸರಿ ಹೇಳುವ ಬದಲು ನನ್ನನ್ನೇ ಕೇಳಿದರು: “ನಿನಗ್ಯಾರು ಏನಂದ್ರು?”

“ಎಲ್ರೂ ಹತ್ತು ತಿಂಗಳು ಅಂತಾರೆ.”

“ಎಲ್ರೂ ಅಂದ್ರೆ?”

“ಬಾಯಿರೋರೆಲ್ಲ ಮಾವ!”

“ಅಲ್ಲೇ ಇರೋದು ತಪ್ಪು. ಬರ್ತೀನಿ ಇರು” ಎಂದು ಫೋನಿಟ್ಟರು.

ಅರಸೀಕೆರೆಯಿಂದ ಹಗರೆಗೆ ಬರಲು ಮಿಕ್ಕ ಮನುಷ್ಯರಿಗೆ ಒಂದು ಬೆಳಗು ಸಾಕು. ಮಾವನಿಗೆ ವಾರ ಹಿಡಿಯಿತು! ಜಾವಗಲ್‌ನಲ್ಲಿ ಇಳಿದು, ಸಂತೆಗೆ ಬಂದಿದ್ದ ಅಜ್ಜಿಯರನ್ನೆಲ್ಲ ನಿಲ್ಲಿಸಿ, ನಿಮ್ಮ ಮನೆಯಲ್ಲಿ ತಡವಾಗಿ ನಡೆದ ಮಕ್ಕಳಿದ್ದಾರೆಯೇ ಎಂದು ಕೇಳಿದರಂತೆ. ಒಬ್ಬ ಅಜ್ಜಿ ಸರ್ಕಾರದವರೆಂದುಕೊಂಡು, “ತಡವಾಗಿ ನಡ್ದೋರ್ಗೆ ದುಡ್ ಬತ್ತದಾ ಸ್ವಾಮಿ?” ಎಂದಳಂತೆ. ಬಸ್ತಿಹಳ್ಳಿಯಲ್ಲಿ ಇನ್ನೊಬ್ಬಳು ಏನನ್ನೂ ಕೇಳದೆ ರೇಷನ್ ಕಾರ್ಡು ತಂದು ಕೈಗಿಟ್ಟಳಂತೆ.

ಅಂತೂ ಒಂದು ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಕೂತು ವರದಿ ಒಪ್ಪಿಸಿದರು.

“ಮೊದಲು ಎಲ್ರೂ, ನಮ್ಮನೇಲಿ ಅಂಥೋರು ಯಾರೂ ಇಲ್ಲ ಅಂದ್ರು ಕಣೇ. ಎದ್ದು ಹೊರಟಾಗ ಹಿಂದೆ ಬಂದು ಮೆತ್ತಗೆ ಹೇಳಿದ್ರು. ಜಾವಗಲ್‌ನಲ್ಲಿ ಒಬ್ಬ ಎರಡು ವರ್ಷಕ್ಕೆ ಎದ್ದು ನಿಂತನಂತೆ. ಈಗ ತೆಂಗಿನಮರ ಹತ್ತಿ ಕಾಯಿ ಕೀಳ್ತಾನೆ. ನಿನಗೆ ಮಗಳು ನಡೀಲಿಲ್ಲ ಅಂತ ಚಿಂತೆ, ಅವನಮ್ಮನಿಗೆ ಅವನು ಕೆಳಗಿಳೀಲಿ ಅಂತ ಚಿಂತೆ! ಬಸ್ತಿಹಳ್ಳಿ ಹುಡುಗಿ ಒಬ್ಬಳು ಸ್ಕೂಲಲ್ಲಿ ಓಟಕ್ಕೆ ಮೊದಲು. ನಾನು ಬಂದ ಬಸ್ಸಿನ ಕಂಡಕ್ಟರೂ ಅದೇ ಪೈಕಿ.”

ಆಮೇಲೆ ನನ್ನತ್ತ ತಿರುಗಿ ದನಿ ತಗ್ಗಿಸಿದರು. “ಬೇಗ ನಡೆದೋರ ಅಮ್ಮಂದಿರು ಊರಿಗೆಲ್ಲ ಹೇಳ್ತಾರೆ. ತಡ ಆದೋರ ಅಮ್ಮಂದಿರು ಒಳಗೊಳಗೇ ಅಳ್ತಾರೆ, ನಿನ್ನ ಹಾಗೆ. ನಿನ್ನ ಕಿವಿಗೆ ಬಿದ್ದಿರೋದು ಬರೀ ಅರ್ಧ ಊರು ಕಣೇ.”

ಕಾಫಿ ತಂದ ನಮ್ಮ ಅತ್ತೆ ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. “ನಮ್ ಚಿಕ್ಕೋನೂ ಹಂಗೇಯ” ಎಂದರು ನೆಲ ನೋಡುತ್ತ. “ಎರಡು ತುಂಬಿದ ಮ್ಯಾಲೇ ನಡ್ದಿದ್ದು. ನಾನು ಎಷ್ಟು ಅತ್ತಿವ್ನಿ ಅಂತ ಯಾರ್ಗೇಳ್ಲಿ?”

ಚಿಕ್ಕೋನು ಎಂದರೆ ನನ್ನ ಗಂಡ! ಅಂಗಳದಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದವರು “ನಾನಾ?” ಎಂದು ಹುಲ್ಲು ಕೈಬಿಟ್ಟು ನಿಂತರು. ಅತ್ತೆ ಮಗುವನ್ನು ಮಡಿಲಿಗೆ ಎಳೆದುಕೊಂಡು, “ನಿಮ್ಮಪ್ಪನ ಮಗಳೇ ಕಣವ್ವಾ ನೀನು” ಎಂದು ನೆತ್ತಿ ಸವರಿದರು. ಅವರ ಮೇಲೆ ನನಗಿದ್ದ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

ಸಂಜೆ ಮಾವನನ್ನು ಬಸ್ಸಿಗೆ ಕಳಿಸಲು ಮಗಳನ್ನು ಸೊಂಟದ ಮೇಲಿಟ್ಟುಕೊಂಡು ರಸ್ತೆವರೆಗೆ ಹೋದೆ. ಬಸ್ಸು ದೂರದಲ್ಲಿ ಕಂಡಾಗ ತಡೆಯಲಾಗದೆ ಕೇಳಿಯೇಬಿಟ್ಟೆ: “ಇವಳು ನಡೀತಾಳಾ ಮಾವ?”

ಕೇಳಿ ನಾಲಿಗೆ ಕಚ್ಚಿಕೊಂಡೆ. ಇನ್ನೇನು ‘ಸಾಮಾನ್ಯವಾಗಿ’ ಬರುತ್ತದೆ ಎಂದು ಕಾದೆ. ಮಾವ ಮಗುವಿನ ಎರಡೂ ಪಾದಗಳನ್ನು ಅಂಗೈಯಲ್ಲಿ ಹಿಡಿದುಕೊಂಡರು.

“ನಡೀತಾಳೆ” ಎಂದರು.

ಅಷ್ಟೇ. ಹಿಂದೊಂದು ಮಾತಿಲ್ಲ, ಮುಂದೊಂದು ಮಾತಿಲ್ಲ.

ಈಗ ಅವಳ ಹಿಂದೆ ಓಡಿ ಓಡಿ ನನಗೇ ಕಾಲುನೋವು. ಡೈರಿಯಲ್ಲಿ ಯಾರಾದರೂ ಎಳೆಯ ತಾಯಿ ಮಂಕಾಗಿ ನಿಂತಿದ್ದರೆ, “ನಮ್ಮವಳು ತಡ” ಎಂದು ಎಲ್ಲರಿಗೂ ಕೇಳುವ ಹಾಗೆ ನಾನೇ ಮೊದಲು ಹೇಳುತ್ತೇನೆ. ಇನ್ನು ಸನ್ಮಾನದ ವಿಷಯ. ನೇರ ಉತ್ತರ ಪಡೆದವಳು ನಾನೇ, ಒಪ್ಪಿದೆ. ಆದರೆ ಹಾರ ನನಗೆ ಬೇಡ. ಅದನ್ನು ಮಗಳ ಕೈಗೆ ಕೊಟ್ಟು, ಅರಸೀಕೆರೆ ಬಸ್‌ಸ್ಟ್ಯಾಂಡಿನಿಂದ ಮಾವನ ಮನೆವರೆಗೂ ಅವಳನ್ನು ನಡೆಸಿಕೊಂಡೇ ಹೋಗಿ, ಅವರ ಕೊರಳಿಗೆ ಹಾಕಿಸುತ್ತೇನೆ.