ಬಚ್ಚಲಲ್ಲಿ ಅತ್ತೆ, ಬಿಚ್ಚದ ವಾಲ್ವ್

ಹೆಂಡತಿ: ನಲ್ಲಿ ಸೋರೋದು ನಿಲ್ಲಿಸ್ರೀ ಅಂದೆ. ಇಡೀ ಮನೆ ನೀರು ನಿಲ್ಲಿಸಿ ಅಂದೆನಾ?

ಗಂಡ: ಸೋರೋದು ನಿಂತಿದೆಯೋ ಇಲ್ವೋ, ಅದು ಹೇಳು.

ಹೆಂಡತಿ: ನಿಂತಿದೆ. ಅದರ ಜತೆ ಬಚ್ಚಲಲ್ಲಿ ನಮ್ಮಮ್ಮನೂ ನಿಂತಿದಾಳೆ, ತಲೆತುಂಬಾ ಸೋಪು ಹಚ್ಕೊಂಡು!

ಅಡುಗೆಮನೆ ನಲ್ಲಿಯ ವಾಷರ್ ಬದಲಾಯಿಸಲೆಂದು ಗಂಡ ಬಚ್ಚಲ ಗೋಡೆಯ ಹೊರಗಿದ್ದ ದೊಡ್ಡ ವಾಲ್ವನ್ನು ಮುಚ್ಚಿದ್ದ. ವರ್ಷಗಟ್ಟಲೆ ಯಾರೂ ಮುಟ್ಟದಿದ್ದ ವಾಲ್ವ್ ಹೇಗೋ ಮುಚ್ಚಿಕೊಂಡಿತು, ಆದರೆ ತೆರೆಯಲೊಲ್ಲದು. ತಿರುಗಿಸೀ ತಿರುಗಿಸೀ ಅವನ ಅಂಗೈ ಕೆಂಪಾಗಿತ್ತು. ಮನೆಯಲ್ಲಿ ಉಳಿದಿದ್ದ ಒಂದು ಚೊಂಬು ಕುಡಿಯುವ ನೀರನ್ನೂ ಬಾಗಿಲ ಸಂದಿಯಿಂದ ಒಳಗೆ ಕೊಟ್ಟಾಗಿತ್ತು. ಅದರಿಂದ ನೊರೆ ಇನ್ನಷ್ಟು ಎದ್ದಿತು, ಅಷ್ಟೇ.

ಅತ್ತೆ (ಬಚ್ಚಲ ಒಳಗಿಂದ): ಏನಂತೆ ಕಣೇ ನಿನ್ನ ಗಂಡಂದು?

ಗಂಡ: ಇನ್ನೈದು ನಿಮಿಷ ಅಂತ ಹೇಳು.

ಹೆಂಡತಿ: ಇನ್ನೈದು ನಿಮಿಷ ಅಂತೆ, ಅಮ್ಮ.

ಅತ್ತೆ: ಅವರ ಅಂಗಡಿ ಗಡಿಯಾರದ ಐದು ನಿಮಿಷವೋ, ಲೋಕದ ಐದು ನಿಮಿಷವೋ, ಕೇಳು.

ಗಂಡ: ಕೇಳಿಸ್ತು ಅಂತ ಹೇಳು.

ಒಂದೇ ಸೂರಿನಡಿ ಇದ್ದೂ ಅತ್ತೆ ಅಳಿಯ ಮಾತು ಬಿಟ್ಟು ನಾಲ್ಕು ವರ್ಷ. ಮಾವ ಊರಿನ ನೀರಿನ ವಾಲ್ವ್ ತಿರುಗಿಸುವ ಕೆಲಸದಲ್ಲಿದ್ದವರು. ನಿವೃತ್ತಿಯ ದಿನ ಅವರಿಗೆ ಬಂದಿದ್ದ ಗೋಡೆ ಗಡಿಯಾರವನ್ನು, ಅವರು ತೀರಿಕೊಂಡ ಮೇಲೆ, ಅತ್ತೆ ಅಳಿಯನ ಕೈಗೆ ರಿಪೇರಿಗೆ ಕೊಟ್ಟಿದ್ದರು. ಗಡಿಯಾರ ರಿಪೇರಿಯೇ ಅವನ ಕಸುಬು. ಬಿಚ್ಚಿ ನೋಡಿ, ‘ಇದು ಗಡಿಯಾರ ಅಲ್ಲ, ಡಬ್ಬ’ ಎಂದುಬಿಟ್ಟ. ಅಂದಿನಿಂದ ಇಬ್ಬರ ಮಾತೂ ಅವನ ಹೆಂಡತಿಯ ಬಾಯಿಂದಲೇ ಓಡಾಡುತ್ತಿತ್ತು.

ಹೆಂಡತಿ: ಚಿಮಟ ಹಿಡಿಯೋ ಕೈಯಲ್ಲಿ ಆಗೋ ಕೆಲಸ ಅಲ್ಲ ಇದು. ಪಕ್ಕದ ಮನೆಯಿಂದ ದೊಡ್ಡ ಸ್ಪ್ಯಾನರ್ ತರ್ತೀನಿ.

ಗಂಡ: ಸ್ಪ್ಯಾನರ್ ಹಾಕಿದ್ರೆ ಮುರಿದೇ ಹೋಗುತ್ತೆ ಕಣೇ!

ಅವಳು ಆಗಲೇ ಬಾಗಿಲು ದಾಟಿದ್ದಳು.

ಅತ್ತೆ: ಏ, ಇದೀಯೇನೇ? ಯಾರಿದ್ದೀರಿ ಅಲ್ಲಿ?

ಗಂಡ: ಯಾರೂ ಇಲ್ಲ.

ಅತ್ತೆ: ಹಾಗಾದ್ರೆ ‘ಯಾರೂ ಇಲ್ಲ’ ಅಂದೋರು ಯಾರು?

ಗಂಡ: ನಾನು. ಅಳಿಯ.

ಅತ್ತೆ: ಬಿಗಿದ ವಾಲ್ವ್ ಬಿಡಿಸೋ ದಾರಿ ನನಗೆ ಗೊತ್ತು. ಮೂವತ್ತು ವರ್ಷ ವಾಲ್ವಿನ ಕತೆ ಕೇಳ್ಕೊಂಡೇ ಊಟ ಮಾಡಿದೋಳು ನಾನು.

ಗಂಡ: ಹೇಳಿ ಅತ್ತೆ, ಹೇಳಿ!

ಅತ್ತೆ: ಮೊದಲು ಆ ಡಬ್ಬ ವಾಪಸ್ ತಗೊಳ್ಳಿ.

ಗಂಡ: ಡಬ್ಬ ನಿಮ್ಮ ಕೋಣೇಲೇ ಇದೆಯಲ್ಲ?

ಅತ್ತೆ: ಡಬ್ಬ ಅಂದ ಮಾತು!

ಗಂಡ: ಅತ್ತೆ, ಕಣ್ಣು ಉರೀತಿರೋದು ನಿಮಗೆ.

ಅತ್ತೆ: ಉರೀಲಿ. ನಾಲ್ಕು ವರ್ಷ ಹೊಟ್ಟೆ ಉರಿದಿದೆ, ಇನ್ನರ್ಧ ಗಂಟೆ ಕಣ್ಣು ಉರಿದ್ರೆ ಏನೂ ಆಗಲ್ಲ.

ಅವನಿಗೆ ನಗು ಉಕ್ಕಿ ಬಂತು. ಹಿಂದೆಯೇ, ಅಂದು ಅತ್ತೆ ಆ ಗಡಿಯಾರವನ್ನು ಮಗುವಿನಂತೆ ಟವೆಲಿನಲ್ಲಿ ಸುತ್ತಿ ತಂದದ್ದು ನೆನಪಾಯಿತು.

ಗಂಡ: ತಪ್ಪಾಯ್ತು ಅತ್ತೆ. ನಾನು ಹಾಗನ್ನಬಾರದಿತ್ತು.

ಒಳಗಿಂದ ಮೂಗೆಳೆದುಕೊಂಡ ಸದ್ದು.

ಅತ್ತೆ: ಡಬ್ಬಾನೇ ಬಿಡಿ ಅದು. ಅವರೂ ಹಾಗೇ ಅಂತಿದ್ರು.

ಗಂಡ: ಮತ್ಯಾಕೆ ನಾಲ್ಕು ವರ್ಷ...

ಅತ್ತೆ: ಅವರು ಅನ್ನಬಹುದು. ನೀವು ಅನ್ನೋ ಹಾಗಿಲ್ಲ. ಈಗ ನಿಮ್ಮ ಗಡಿಯಾರದ ಎಣ್ಣೆ ತಗೊಂಡು ವಾಲ್ವಿನ ಹಿಡಿ ಕೆಳಗಿರೋ ಕಡ್ಡಿ ಬುಡಕ್ಕೆ ನಾಲ್ಕು ಹನಿ ಬಿಡಿ. ಬಿಟ್ರಾ? ಇನ್ನೊಂಚೂರು ಬಿಗಿ ಮಾಡಿ.

ಗಂಡ: ಬಿಗಿದಿರೋದನ್ನೇ ಮತ್ತೆ ಬಿಗೀಬೇಕಾ?

ಅತ್ತೆ: ಕೂದಲೆಳೆಯಷ್ಟು. ಆಮೇಲೆ ಅಷ್ಟೇ ಸಡಿಲ. ಮತ್ತೆ ಬಿಗಿ, ಮತ್ತೆ ಸಡಿಲ. ಜಗ್ಗಾಡಬೇಡಿ, ರಮಿಸಿ.

ತುಕ್ಕು ಹಿಡಿದ ಕೈಗಡಿಯಾರದ ಕೀಲಿಯನ್ನು ಅವನು ದಿನಾ ರಮಿಸುತ್ತಿದ್ದದ್ದೂ ಹೀಗೆಯೇ. ಹತ್ತಾರು ಸಲ ಅತ್ತಿತ್ತ ಆಡಿಸುವಷ್ಟರಲ್ಲಿ ವಾಲ್ವ್ ‘ಕಿರ್’ ಎಂದಿತು. ಒಳಗೆ ನೀರು ಧೋ ಎಂದು ಸುರಿಯಿತು, ಅದರೊಂದಿಗೆ ಅತ್ತೆಯ ‘ಅಬ್ಬಾ!’

ಸ್ವಲ್ಪ ಹೊತ್ತಿಗೆ ಅತ್ತೆ ತಲೆಗೆ ಟವೆಲು ಸುತ್ತಿಕೊಂಡು, ಕೆಂಡದಂಥ ಕಣ್ಣು ಒರೆಸುತ್ತಾ ಬಂದು ಅಳಿಯನ ಎದುರಿಗೇ ಕುರ್ಚಿ ಎಳೆದು ಕೂತರು.

ಅತ್ತೆ: ಕೈಗುಣ ಚೆನ್ನಾಗಿದೆ ಅಳಿಯಂದ್ರೇ.

ಗಂಡ: ನಡುಗ್ತಿದೀರಲ್ಲ ಅತ್ತೆ. ಆ ಹಸಿರು ಶಾಲು ನೀವೇ ಇಟ್ಕೊಂಡಿದ್ರೆ ಈಗ ಹೊದ್ಕೋಬಹುದಿತ್ತು.

ಅತ್ತೆ: ಯಾವ ಹಸಿರು ಶಾಲು?

ಗಂಡ: ಹೋದ ವರ್ಷ ನಿಮಗೇ ಅಂತ ತಂದಿದ್ನಲ್ಲ. ಬಣ್ಣ ಹಿಡಿಸಲಿಲ್ಲ, ನೀನೇ ಹೊದ್ಕೋ ಅಂದ್ರಂತೆ ಮಗಳಿಗೆ.

ಅತ್ತೆ: ನಾನಾ? ಹಸಿರು ಅಂದ್ರೆ ಪ್ರಾಣ ಬಿಡ್ತೀನಿ ನಾನು! ‘ನಮ್ಮ ಯಜಮಾನ್ರು ನನಗೆ ಕೊಡಿಸಿದ್ದು’ ಅಂದ್ಲಲ್ಲ ಅವಳು!

ಬಾಗಿಲು ತೆರೆಯಿತು. ಹೆಂಡತಿ ನಿಂತಿದ್ದಳು. ಕೈಯಲ್ಲಿ ಮೊಳದುದ್ದದ ಸ್ಪ್ಯಾನರ್, ಹೆಗಲ ಮೇಲೆ ಹಸಿರು ಶಾಲು.

ಹೆಂಡತಿ: ಅಯ್ಯೋ, ನೀವಿಬ್ರೂ ಮಾತಾಡ್ತಿದ್ದೀರಾ?

ಅತ್ತೆ: ಬಾಮ್ಮ, ಬಾ. ನಿನ್ನ ವಿಷಯಾನೇ ಬಂತು.

ಹೆಂಡತಿ (ಹಿಂದಕ್ಕೆ ಹೆಜ್ಜೆ ಇಡುತ್ತಾ): ಒಂದ್ನಿಮಿಷ ಅಮ್ಮ. ಇದನ್ನ ವಾಪಸ್ ಕೊಟ್ಟು ಬಂದ್ಬಿಡ್ತೀನಿ.

ಅತ್ತೆ: ಸ್ಪ್ಯಾನರ್ ಆಮೇಲೆ ಕೊಡುವಿಯಂತೆ. ಶಾಲು ಮೊದಲು.