ಅಕ್ಕನಿಗೆ ಎಷ್ಟರ ರೋಲು?

ನನ್ನ ಮನೆಯವರು ನನ್ನನ್ನು ಯಾವ ವಿಷಯಕ್ಕೆ ಬೇಕಾದರೂ ನಂಬುತ್ತಾರೆ, ಕ್ಯಾಮೆರಾ ಒಂದನ್ನು ಬಿಟ್ಟು. ಈ ಅಪನಂಬಿಕೆಯನ್ನು ನಾನು ಸ್ವಂತ ಶ್ರಮದಿಂದ ಸಂಪಾದಿಸಿದ್ದೇನೆ. ಧಾರವಾಡದಲ್ಲಿ ಅಕ್ಕನ ಮದುವೆಯಾದಾಗ ನಾನು ಕಾಲೇಜಿನಲ್ಲಿದ್ದೆ, ಕ್ಯಾಮೆರಾ ಹೊಸದಾಗಿ ಕೈಗೆ ಬಂದಿತ್ತು. ಸಂಜೆಯ ಆರತಕ್ಷತೆಗೆ ಸ್ಟುಡಿಯೋದವರು ಬೇಡ, ನಾನೇ ತೆಗೆಯುತ್ತೇನೆ ಎಂದು ಅಪ್ಪನ ಬೆನ್ನುಹತ್ತಿ ಒಪ್ಪಿಸಿದೆ. ಬಣ್ಣ ಬಲು ಚೆನ್ನಾಗಿ ಬರುತ್ತದೆ ಎಂದು ಯಾರೋ ಹೇಳಿದ್ದರಿಂದ ನೂರರ ಸ್ಪೀಡಿನ ಫಿಲ್ಮ್ ರೋಲು ಹಾಕಿದೆ. ಅದು ಬಿಸಿಲಿಗೆಂದು ಮಾಡಿದ ರೋಲು ಎಂಬುದನ್ನು ಆ ಯಾರೋ ಹೇಳಲಿಲ್ಲ. ಮೂವತ್ತಾರು ಫೋಟೊಗಳಲ್ಲೂ ಕಂಡದ್ದು ಎರಡು ಟ್ಯೂಬ್‌ಲೈಟು ಮತ್ತು ಭಾವನ ಬಿಳಿ ಪೇಟ. ನೇರಳೆ ರೇಷ್ಮೆ ಸೀರೆಯುಟ್ಟ ಅಕ್ಕ ಕತ್ತಲೆಯಲ್ಲಿ ಪೂರ್ತಿ ಕರಗಿಹೋಗಿದ್ದಳು. ಅಕ್ಕ ಬೈಯಲಿಲ್ಲ. ಬೈದಿದ್ದರೆ ಅದು ಅಂದೇ ಮುಗಿದುಹೋಗುತ್ತಿತ್ತು.

ಈಗ ನಾವಿಬ್ಬರೂ ಪುಣೆಯವರು. ನಾನು ಖಡಕಿಯಲ್ಲಿ, ಅಕ್ಕ ಮಗರಪಟ್ಟಾದಲ್ಲಿ. ಖರಾಡಿಯಲ್ಲಿ ಕೆಲಸ ಮಾಡುವ ಅವಳ ಮಗಳು ಅಪೂರ್ವಾಳ ಮದುವೆ ಗೊತ್ತಾದಾಗ ಹುಡುಗಿ ನನ್ನ ಹತ್ತಿರ ಬಂದು, “ಮಾಮಾ, ಫೋನಿನ್ಯಾಗ ಸಾವಿರ ಫೋಟೊ ಬರ್ತಾವ. ನನಗ ರಿಸೆಪ್ಷನ್ನಿಂದು ರೋಲಿನ ಫೋಟೊ ಬೇಕು. ನೀನ ತಗೀಬೇಕು” ಎಂದಳು. ಈಗಿನವರಿಗೆ ಮತ್ತೆ ರೋಲಿನ ಹುಚ್ಚು ಹಿಡಿದಿದೆಯಂತೆ. ನಾನು ಅಕ್ಕನ ಮುಖ ನೋಡಿದೆ. ಅವಳು ಸೊಪ್ಪು ಬಿಡಿಸುತ್ತ, ತಲೆ ಎತ್ತದೆ, “ತಗೀಲಿ ಬಿಡು. ಈಗರೆ ಶಾಣ್ಯಾ ಆಗಿರಬೇಕು” ಎಂದಳು. ಈ ಸಲವೂ ಕತ್ತಲೆ ಬಂದರೆ ತಾಯಿ, ಮಗಳು ಇಬ್ಬರನ್ನೂ ಅಳಿಸಿದ ಕೀರ್ತಿ ನನ್ನೊಬ್ಬನದಾಗುತ್ತಿತ್ತು.

ನಾನೂರರದೋ ಎಂಟುನೂರರದೋ? ವಾರವಿಡೀ ಇದೇ ಜಪ. ನಾನೂರರದು ಹಾಕಿದರೆ ಚಿತ್ರ ನಯವಾಗಿ ಬರುತ್ತದೆ, ಆದರೆ ಬೆಳಕು ಹೆಚ್ಚು ಬೇಕು. ಎಂಟುನೂರರದು ಮಬ್ಬಿನಲ್ಲೂ ಕಣ್ಣು ಬಿಡುತ್ತದೆ, ಆದರೆ ಫೋಟೊ ರವೆ ರವೆಯಾಗುತ್ತದೆ. ಕಚೇರಿಯ ಟ್ಯೂಬ್‌ಲೈಟಿನ ಕೆಳಗೆ ಸಹೋದ್ಯೋಗಿಗಳ ಮೂಗಿನ ಮೇಲೆ ಎಷ್ಟು ಬೆಳಕು ಬಿದ್ದಿದೆಯೆಂದು ದಿಟ್ಟಿಸುತ್ತ ಕೂತದ್ದರಿಂದ ಇಬ್ಬರು ನನ್ನೊಡನೆ ಮಾತು ಬಿಟ್ಟರು. ಕೊನೆಗೆ ಖಡಕಿ ಬಾಜಾರಿನ ಹಳೆಯ ಫೋಟೊ ಅಂಗಡಿಗೆ ಹೋದೆ. ಅಲ್ಲಿನ ಮರಾಠಿ ಮುದುಕ, ಎಲ್ಲರಿಗೂ ಕಾಕಾ, ಈಗ ಮೊಬೈಲ್ ಕವರು ಮಾರುತ್ತಾನೆ. ರೋಲುಗಳು ಮಾತ್ರ ಅವನ ಪುಟ್ಟ ಫ್ರಿಜ್ಜಿನಲ್ಲಿ, ಮಜ್ಜಿಗೆ ತಂಬಿಗೆಯ ಹಿಂದೆ ತಣ್ಣಗೆ ಕೂತಿರುತ್ತವೆ.

ಆರತಕ್ಷತೆಯ ಸಭಾಂಗಣದ ಉದ್ದಗಲ, ದೀಪ, ಹಳೆಯ ಅವಾಂತರ ಎಲ್ಲ ಒಪ್ಪಿಸಿದೆ. ಕಾಕಾ ಕೇಳಿದ್ದು ಒಂದೇ: “ಫೋಟೊ ಕೋಣಾಚಾ ಕಾಢಾಯಚಾ ಆಹೆ?” ಯಾರ ಫೋಟೊ ತೆಗೆಯಬೇಕು?

“ಮದುಮಗಳದು, ಇನ್ಯಾರದು” ಎಂದೆ. ಕಾಕಾ ನಕ್ಕ. ಮದುಮಗಳು ನಿಲ್ಲುವ ವೇದಿಕೆಯ ಮೇಲೆ ಹಪ್ಪಳ ಸುಡುವಷ್ಟು ಬೆಳಕಿರುತ್ತದೆ, ಅಲ್ಲಿಗೆ ನಾನೂರು ಸಾಕು, ಅವಳನ್ನು ತೆಗೆಯಲು ನೂರು ಫೋನುಗಳೂ ಇರುತ್ತವೆ. ಆದರೆ ಅಂದು ಕಾಣದೇ ಹೋದವಳು ನಿನ್ನ ಅಕ್ಕ ಅಲ್ಲವೇ? ಮಗಳ ಮದುವೆಯ ದಿನ ತಾಯಿ ವೇದಿಕೆಯ ಮೇಲೆ ಎಲ್ಲಿರುತ್ತಾಳೆ? ಅಡಿಗೆಮನೆಯ ಬಾಗಿಲಲ್ಲಿರುತ್ತಾಳೆ. ಅಲ್ಲಿ ಒಂದೇ ಬಲ್ಬು. ಹೀಗೆಂದು ತಂಬಿಗೆ ಸರಿಸಿ ಎಂಟುನೂರರ ರೋಲು ತೆಗೆದು ನನ್ನ ಅಂಗೈಯಲ್ಲಿಟ್ಟ. ನಾನು ಬೆರಗಾದೆ. ವಾರವಿಡೀ ನಾನು ಬೆಳಕನ್ನು ಅಳೆಯುತ್ತಿದ್ದೆ, ಈ ಮನುಷ್ಯ ಕೂತಲ್ಲಿಂದಲೇ ನಮ್ಮ ಮನೆಯನ್ನು ಅಳೆದುಬಿಟ್ಟಿದ್ದ. ಕೈ ಮುಗಿದೆ.

ಅವನು ಹೇಳಿದಂತೆಯೇ ಆಯಿತು. ವೇದಿಕೆಯ ಮುಂದೆ ಎತ್ತಿದ ಕೈಗಳ ನಡುವೆ ತೂರಿ ಅಪೂರ್ವಾ ಮತ್ತು ಅಳಿಯನನ್ನು ಹೇಗೋ ತೆಗೆದೆ. ಆಮೇಲೆ ಅಡಿಗೆಮನೆಯ ಬಾಗಿಲಿಗೆ ನಡೆದೆ. ಹಳದಿ ಬಲ್ಬಿನ ಕೆಳಗೆ ಅಕ್ಕ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಡಿಸುವವರಿಗೆ ಹೋಳಿಗೆಯ ಲೆಕ್ಕ ಹೇಳುತ್ತಿದ್ದಳು. ಕ್ಯಾಮೆರಾ ಎತ್ತಿದ್ದೇ ತಡ, ನನ್ನತ್ತ ಬೆರಳು ಚಾಚಿ, “ಏ ಖೋಡಿ! ಹುಡುಗಿ ಅಲ್ಲೆ ಸ್ಟೇಜಿನ ಮ್ಯಾಲ ನಿಂತಾಳ. ನನ್ನೇನ ತಗೀತೀಯೋ?” ಎಂದು ಗುಡುಗಿದಳು. ಒತ್ತಿದೆ.

ರೋಲು ಮುಂಬೈಗೆ ಹೋಗಿ ತೊಳೆಸಿಕೊಂಡು ಬರಲು ಎಂಟು ದಿನ ಹಿಡಿಯಿತು. ಎಲ್ಲ ಬಂದಿದ್ದವು. ಅಪೂರ್ವಾ ಚಪ್ಪಾಳೆ ತಟ್ಟಿದಳು. ಅಕ್ಕ ಮಾತ್ರ ಒಂದೇ ಫೋಟೊ ಹಿಡಿದು ಕೂತುಬಿಟ್ಟಳು. ಸಣ್ಣ ರವೆಯಂಥ ಕಣಗಳ ನಡುವೆ ಅವಳ ಮೂಗುತಿ, ಹಣೆಯ ಬೆವರು, ಕಣ್ಣೊಳಗಿನ ಬೆಂಕಿ, ಎಲ್ಲವೂ ಇತ್ತು. ಇಷ್ಟು ಚಂದದ ಹೆಂಗಸು ನಮ್ಮ ಮನೆಯಲ್ಲಿ ಇದ್ದಾಳೆಂದು ನನಗೇ ಗೊತ್ತಿರಲಿಲ್ಲ. “ಇಷ್ಟು ಬೆಳಕು ಇತ್ತೇನೋ ಅಲ್ಲೆ?” ಎಂದಳು.

ಈಗ ಆ ಫೋಟೊ ಚೌಕಟ್ಟು ಹಾಕಿಸಿಕೊಂಡು ಅಕ್ಕನ ಮನೆಯ ಬಾಗಿಲ ಎದುರಿನ ಗೋಡೆಯ ಮೇಲಿದೆ. ನಾನು ಚಪ್ಪಲಿ ಬಿಡುವ ಮೊದಲೇ ಅದರ ಬೈಗುಳ ಶುರು. ಕುರ್ಚಿ ಬದಲಿಸಿ ನೋಡಿದೆ, ಬೆರಳು ಅಲ್ಲಿಗೂ ತಿರುಗುತ್ತದೆ. ಬಂದವರೆಲ್ಲ, “ಯಾರಿಗ್ರೀ ಬೈಲಿಕ್ಕತ್ತೀರಿ ಇದರಾಗ?” ಎಂದು ಕೇಳುತ್ತಾರೆ. ಅಂದು ಧಾರವಾಡದಲ್ಲಿ ಬೈಯದೆ ಆ ಬೈಗುಳವನ್ನು ಉಳಿಸಿಕೊಂಡಿದ್ದ ಅಕ್ಕ ಚಹಾ ಕೊಡುತ್ತ ಹೆಮ್ಮೆಯಿಂದ ಹೇಳುತ್ತಾಳೆ: “ಫೋಟೊ ತಗದಾವಗ.”