ಉದ್ದ ಜಾಸ್ತಿಯಾಯ್ತು ಕಣೋ!

ನಮ್ಮ ಚಿಕ್ಕಪ್ಪನಿಗೆ ಹುಚ್ಚಿಲ್ಲ. ಅಜ್ಜಂಪುರದಲ್ಲಿ ಸಿಕ್ಕಸಿಕ್ಕವರಿಗೆಲ್ಲ ನಾನಿದನ್ನು ಹೇಳಬೇಕಾಗಿ ಬಂದಿದೆ ಅನ್ನುವುದೇ ಬೇಸರ!

ಅವರದು ಹ್ಯಾಮ್ ರೇಡಿಯೊ. ಲೈಸೆನ್ಸ್ ಪಡೆದು, ತಾರಸಿಯ ಮೇಲೆ ತಂತಿ ಎಳೆದು, ಮುಖ ನೋಡದವರ ಜೊತೆ ಗಂಟೆಗಟ್ಟಲೆ ಹರಟುವ ಹವ್ಯಾಸ. ಒಬ್ಬಳೇ ಮಗಳಿಗೂ ಪರೀಕ್ಷೆ ಕಟ್ಟಿಸಿ ಲೈಸೆನ್ಸ್ ಕೊಡಿಸಿದ್ದಾರೆ. ತಂತಿಯ ಉದ್ದ ಸರಿಯಿದ್ದರೆ ಮಾತ್ರ ಅದು ರೇಡಿಯೊಗೆ ಶ್ರುತಿಗೂಡುತ್ತದಂತೆ. ಅದನ್ನು ಅಳೆಯಲು ಅಂಗೈಯಗಲದ ಅನಲೈಸರ್. ಅದರಲ್ಲಿ ಒಂದು ಎಂದು ಬಂದರೆ ಚಿಕ್ಕಪ್ಪ ಹಾಡುತ್ತಾರೆ, ಮೂರು ಬಂದರೆ ಊಟ ಬಿಡುತ್ತಾರೆ!

ಒಮ್ಮೆ ಚಿಕ್ಕಮ್ಮ ಆ ತಂತಿಯ ಮೇಲೆ ಒದ್ದೆ ಸೀರೆ ಹರವಿದರು. ಚಿಕ್ಕಪ್ಪ ಬೈಯಲಿಲ್ಲ. ಅನಲೈಸರ್ ತಂದು ಒಂದೊಂದೇ ಸೀರೆ ಅಳೆದರು. "ರೇಷ್ಮೆ ಪರ್ವಾಗಿಲ್ಲ ಕಣೇ, ಕಾಟನ್ನೇ ಕೆಡಿಸ್ತಿರೋದು!"

"ಮದ್ವೆಯಾದಾಗಿಂದ ನನ್ನ ಸೀರೆ ಬಗ್ಗೆ ಮಾತಾಡಿದ್ದು ಇದೇ ಮೊದ್ಲು ಕಣಪ್ಪಾ," ಅಂದರು ಚಿಕ್ಕಮ್ಮ ನನಗೆ.

ಇನ್ನೊಮ್ಮೆ ಹಿರೇನಲ್ಲೂರಿನ ಸ್ನೇಹಿತರ ಹೊಲದಲ್ಲಿ ತಂತಿ ಕಟ್ಟಿ, ಅದೇ ಅನಲೈಸರ್ ಹಿಡಿದು ನಿಂತರು. ಕರೆಂಟಿನವರು ಬಂದರೆಂದು ಅಕ್ಕಪಕ್ಕದ ಪಂಪುಗಳೆಲ್ಲ ಒಟ್ಟಿಗೇ ನಿಂತುಹೋದವು!

ಆದರೆ ಹೋದ ತಿಂಗಳಿನದು ನಗುವ ಮಾತಲ್ಲ. ಮಗಳನ್ನು ನೋಡಲು ತರೀಕೆರೆಯಿಂದ ಗಂಡಿನವರು ಬಂದಿದ್ದರು. ಹುಡುಗ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬಂದ, ಅಷ್ಟೆತ್ತರ. ನಮ್ಮ ಹುಡುಗಿಗೂ ಮನಸ್ಸಾಗಿದೆಯೆಂದು ಅವಳ ಮುಖವೇ ಹೇಳುತ್ತಿತ್ತು. ಎಲ್ಲರೂ ಕೇಸರಿಬಾತಿಗೆ ಕೈಹಾಕಿದ್ದಾರೆ, ಯಾವಾಗಲೋ ಮೇಲೆ ಹೋಗಿದ್ದ ಚಿಕ್ಕಪ್ಪ ತಾರಸಿಯಿಂದ ನನ್ನನ್ನು ಕೂಗಿದರು:

"ಲೇ, ಮ್ಯಾಚ್ ಆಗ್ತಿಲ್ಲ ಕಣೋ! ಉದ್ದ ಜಾಸ್ತಿಯಾಯ್ತು! ಅರ್ಧ ಅಡಿ ಕತ್ತರಿಸ್ಬೇಕು!"

ಹುಡುಗ ಸೋಫಾದಲ್ಲೇ ಕುಗ್ಗಿದ. ಅವನ ತಾಯಿ ತಟ್ಟೆ ಕೆಳಗಿಟ್ಟು ಎದ್ದುಬಿಟ್ಟರು. ಹುಡುಗಿಯ ಕಣ್ಣಲ್ಲಿ ನೀರು. ನಾನು ಓಡಿಹೋಗಿ ಚಿಕ್ಕಪ್ಪನನ್ನು ಎಳೆದುತಂದೆ.

"ಅಯ್ಯೋ, ತಂತಿಗೆ ಅಂದಿದ್ದು ಕಣಮ್ಮ!" ಅಂದರು ಮಗಳಿಗೆ.

"ಇವತ್ತೇ ಆಗ್ಬೇಕಿತ್ತಾ?" ಚಿಕ್ಕಮ್ಮ ಗದರಿದರು.

ಚಿಕ್ಕಪ್ಪ ನೆಲ ನೋಡುತ್ತ ಹೇಳಿದರು: "ಈ ತಂತಿ ತರೀಕೆರೆ ಜೊತೆ ಮಾತಾಡೋಕೆ ಅಂತ ಕಟ್ಟಿದ್ದು. ಹುಡುಗ ಒಳ್ಳೆಯವನು, ಇವತ್ತೇ ಗಟ್ಟಿಯಾಗುತ್ತೆ ಅನ್ನಿಸ್ತು. ಮದ್ವೆಯಾಗಿ ಹೋದ್ಮೇಲೆ ಫೋನಲ್ಲಿ ತಾಯಿ-ಮಗಳ ಮಾತೇ ಮುಗಿಯಲ್ಲ, ನನ್ನ ಸರದಿ ಬರೋದೇ ಇಲ್ಲ. ರೇಡಿಯೊದಲ್ಲಾದ್ರೆ ನನ್ನ ಮಗಳು ನನ್ನ ಹತ್ರಾನೇ ಮಾತಾಡ್ತಾಳೆ."

ಹುಡುಗನ ತಾಯಿ ನಿಧಾನವಾಗಿ ಕೂತರು. ತಟ್ಟೆ ಎತ್ತಿಕೊಂಡರು.

"ನಮ್ಮನೆ ಮೇಲೂ ಒಂದು ತಂತಿ ಕಟ್ಕೊಡಿ ಬೀಗರೇ," ಅಂದರು.

ಬೀಗರೇ ಅಂದುಬಿಟ್ಟರು! ಗೊತ್ತಿಲ್ಲದವರನ್ನೆಲ್ಲ ಕರೆದು ಕರೆದು ಮಾತಾಡಿಸುವ ನಮ್ಮ ಚಿಕ್ಕಪ್ಪನಿಗೆ ಒಂದು ಮಾತೂ ಹೊರಡಲಿಲ್ಲ. ಮಗಳ ತಲೆಯ ಮೇಲೆ ಕೈಯಿಟ್ಟು ಸುಮ್ಮನೆ ಅತ್ತರು. ನನಗೂ ತಡೆಯಲಾಗಲಿಲ್ಲ.